ವಾಸಕ್ಕಲ್ಲದ ಮನೆ

2010ರಲ್ಲಿ ಅಮೆರಿಕದ ಹಳೆಯ ವಾಹನಗಳ ಮಾರುಕಟ್ಟೆಗೆ ಒಂದು ವಿಚಿತ್ರ ಸರಕು ಬಂತು. ವಾಹನದ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಗಾಲಿಮನೆಗಳು. ಒಳಗೆ ಮಂಚ, ಒಲೆ, ಫ್ರಿಜ್, ಬಚ್ಚಲು, ಊಟದ ಮೇಜು ಎಲ್ಲವೂ ಇದ್ದವು. ಬೆಲೆಯೂ ಅಗ್ಗ. ಆದರೆ ಅವುಗಳ ಮೇಲೆ ಸರ್ಕಾರ ಒಂದು ಚೀಟಿ ಅಂಟಿಸಿತ್ತು: ಇದನ್ನು ಮನುಷ್ಯರ ವಾಸಕ್ಕೆ ಬಳಸುವಂತಿಲ್ಲ. ಮಂಚವಿರುವ ಮನೆಯಲ್ಲಿ ಮಲಗಬಾರದು, ಒಲೆಯಿರುವ ಮನೆಯಲ್ಲಿ ಅಡುಗೆ ಮಾಡಿಕೊಂಡು ಇರಬಾರದು ಎಂದರೆ ಅದನ್ನು ಕೊಂಡು ಮಾಡುವುದೇನು? ಕೆಲವು ವ್ಯಾಪಾರಿಗಳು ಇದಕ್ಕೆ ಸುಲಭದ ಉತ್ತರ ಕಂಡುಕೊಂಡರು. ಚೀಟಿ ಕಿತ್ತು ಮಾರಿದರು.

ಇದೇ ಮಾರುಕಟ್ಟೆಗೆ ಇನ್ನೊಂದು ಬಗೆಯ ಗಿರಾಕಿಗಳೂ ಬರುತ್ತಾರೆ. ಹೊಸ ಬಣ್ಣ, ಸೆಂಟು, ನೆಲ ಒರೆಸುವ ದ್ರಾವಣ, ಹೊಸ ಕಾರ್ಪೆಟ್, ಡೀಸೆಲ್ ಹೊಗೆ ಇಂಥವುಗಳ ಸಣ್ಣ ಸುಳಿವಿಗೂ ತಲೆನೋವು, ಉಸಿರುಕಟ್ಟು, ಸುಸ್ತು ಬರುತ್ತದೆ ಎನ್ನುವವರು. ಬಾಡಿಗೆ ಮನೆಯಲ್ಲಿ ಮಾಲೀಕ ಯಾವಾಗ ಬಣ್ಣ ಹೊಡೆಸುತ್ತಾನೋ, ಪಕ್ಕದ ಮನೆಯವರು ಯಾವ ಕೀಟನಾಶಕ ಸಿಂಪಡಿಸುತ್ತಾರೋ ಅವರ ಕೈಯಲ್ಲಿಲ್ಲ. ಕಾಯಿಲೆಯಿಂದ ಕೆಲಸ ಬಿಟ್ಟವರಿಗೆ ಸ್ವಂತ ಮನೆ ಕಟ್ಟುವ ಶಕ್ತಿಯೂ ಇರುವುದಿಲ್ಲ. ಉಳಿಯುವ ದಾರಿ ಹಳೆಯದೊಂದು ಗಾಲಿಮನೆ. ನಾಲ್ಕು ಗೋಡೆ ತಮ್ಮದೇ. ಗಾಳಿ ಕೆಟ್ಟರೆ ಮನೆಯನ್ನೇ ಎಳೆದುಕೊಂಡು ಹೋಗಬಹುದು. ಸ್ವಂತ ಎಂಜಿನ್ ಇದ್ದರೆ ಅದನ್ನು ಮೋಟರ್‌ಹೋಮ್ ಎನ್ನುತ್ತಾರೆ, ಇನ್ನೊಂದು ವಾಹನ ಎಳೆಯಬೇಕಾದರೆ ಟ್ರೈಲರ್. ಒಳಗಿನ ಮರಗೆಲಸ ಬಹುಮಟ್ಟಿಗೆ ಒಂದೇ.

ಒಳ್ಳೆಯ ಗಾಳಿಗಾಗಿ ಮನೆ ಬಿಟ್ಟು ಬಂದವರ ಎದುರಿಗೆ ಚೀಟಿ ಕಿತ್ತ ಟ್ರೈಲರ್ ನಿಲ್ಲುವಂತಾದದ್ದು ಹೇಗೆ? ಈ ಕಥೆಯಲ್ಲಿ ಒಂದು ಅಂಟು, ಒಂದು ಚಂಡಮಾರುತ ಮತ್ತು ಕಾನೂನಿನಲ್ಲಿದ್ದ ಒಂದು ಕಂಡಿ ಇವೆ.

ಅಗ್ಗದ ಹಲಗೆ

ಗಾಲಿಮನೆಯ ಮೊದಲ ಶತ್ರು ತೂಕ, ಎರಡನೆಯದು ಬೆಲೆ. 1930ರ ದಶಕದಲ್ಲಿ ವಾಲಿ ಬೈಯಮ್ ಎಂಬಾತನ ಏರ್‌ಸ್ಟ್ರೀಮ್ ಕಂಪನಿ ವಿಮಾನದಂತೆ ಅಲ್ಯುಮಿನಿಯಂ ತಗಡುಗಳನ್ನು ರಿವೆಟ್ ಹೊಡೆದು ಕೂಡಿಸಿ ಟ್ರೈಲರ್ ಮಾಡಿತು. ಹಗುರವಾಗಿತ್ತು, ಬಾಳಿಕೆಯೂ ಬಂತು, ಆದರೆ ಎಲ್ಲರ ಕೈಗೆಟುಕುವಂತಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪಟ್ಟಣ ಈ ಉದ್ಯಮದ ರಾಜಧಾನಿಯಾಯಿತು. 1966ರಲ್ಲಿ ಅಯೋವಾದ ವಿನೆಬೇಗೊ ಕಂಪನಿ ಕಾರಿನಂತೆ ಜೋಡಣಾ ಸಾಲಿನಲ್ಲಿ ಮೋಟರ್‌ಹೋಮ್ ತಯಾರಿಸಿ ಬೆಲೆ ಇಳಿಸಿತು. ಸಿರಿವಂತರ ಶೋಕಿಯಾಗಿದ್ದದ್ದು ನಿವೃತ್ತ ಮೇಷ್ಟರಿಗೂ ಸಿಗುವಂತಾಯಿತು.

ಬೆಲೆ ಇಳಿಸಿದ್ದರಲ್ಲಿ ದೊಡ್ಡ ಪಾಲು ಹಲಗೆಯದು. ಗಟ್ಟಿ ಮರದ ಬದಲು ತೆಳು ಪ್ಲೈವುಡ್, ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್. ಇವುಗಳನ್ನು ಹಿಡಿದಿಡುವ ಅತಿ ಅಗ್ಗದ ಅಂಟು ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ್ದು. ಬೇಗ ಗಟ್ಟಿಯಾಗುತ್ತದೆ, ಬಣ್ಣವಿಲ್ಲ. ಆದರೆ ಈ ಬಂಧ ಪೂರ್ತಿ ಗಟ್ಟಿಯಲ್ಲ. ಬಿಸಿ ಮತ್ತು ತೇವ ತಾಗಿದರೆ ಅಂಟು ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಂಡು ಫಾರ್ಮಾಲ್ಡಿಹೈಡನ್ನು ಗಾಳಿಗೆ ಬಿಡುತ್ತದೆ. ಅದು ಕುದಿಯುವುದು ಸೊನ್ನೆಗಿಂತ 19 ಡಿಗ್ರಿ ಕೆಳಗೆ; ಕೋಣೆಯ ಉಷ್ಣತೆಯಲ್ಲಿ ಅದು ಯಾವಾಗಲೂ ಅನಿಲವೇ. ಮುಂಬೈ, ಪುಣೆಯ ಹೊಸ ಫ್ಲಾಟಿನಲ್ಲಿ ಮಾಡ್ಯುಲರ್ ಅಡುಗೆಮನೆ ಕೂರಿಸಿದ ವಾರ ಕಪಾಟು ತೆರೆದಾಗ ಕಣ್ಣು ಚುರುಗುಟ್ಟಿದರೆ ಅದರಲ್ಲಿ ಈ ಅನಿಲದ ಪಾಲೂ ಇರುತ್ತದೆ.

ದೊಡ್ಡ ಮನೆಯಲ್ಲಿ ಅದು ಹರಡಿ ತೆಳುವಾಗುತ್ತದೆ. ಗಾಲಿಮನೆಯ ಲೆಕ್ಕವೇ ಬೇರೆ. ಗೋಡೆ, ಚಾವಣಿ, ಕಪಾಟು, ಮಂಚದ ತಳ ಎಲ್ಲವೂ ಹಲಗೆ. ನಡುವೆ ಇರುವ ಗಾಳಿ ಕೊಂಚವೇ. ಮೇಲೆ ಬಿಸಿಲಿಗೆ ಕಾಯುವ ತೆಳು ಚಾವಣಿ. ಹೊಸದರಲ್ಲಿ ಅನಿಲ ಅತಿ ಹೆಚ್ಚು. ವರ್ಷಗಳು ಕಳೆದಂತೆ ಕಡಿಮೆಯಾಗುತ್ತದೆ. ಎಲ್ಲ ವಸ್ತುಗಳಲ್ಲೂ ಹೊಸದೇ ಮೇಲು ಎನ್ನುವ ಲೋಕರೂಢಿ ಇಲ್ಲಿ ತಲೆಕೆಳಗು.

ಮನೆಯೋ, ಬಂಡಿಯೋ?

1970ರ ದಶಕದ ಇಂಧನ ಬಿಕ್ಕಟ್ಟಿನ ನಂತರ ಅಮೆರಿಕನ್ನರು ಮನೆಗಳ ಸಂದುಗೊಂದುಗಳನ್ನು ಮುಚ್ಚತೊಡಗಿದರು. ಬಿಸಿ ಹೊರಹೋಗದಂತೆ ಮಾಡಿದಾಗ ಅನಿಲವೂ ಒಳಗೇ ಉಳಿಯಿತು. ಗೋಡೆಯೊಳಗೆ ತುಂಬುತ್ತಿದ್ದ ಯೂರಿಯಾ ಫಾರ್ಮಾಲ್ಡಿಹೈಡ್ ನೊರೆಯನ್ನು ಕೆನಡಾ 1980ರಲ್ಲಿ ನಿಷೇಧಿಸಿತು. ಅಮೆರಿಕ 1982ರಲ್ಲಿ ನಿಷೇಧಿಸಿತಾದರೂ ಮರುವರ್ಷ ನ್ಯಾಯಾಲಯ ಅದನ್ನು ರದ್ದು ಮಾಡಿತು. ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯ ಮೇಲೆ ಬಂದಿಳಿಯುವ ‘ಮೊಬೈಲ್ ಹೋಮ್’ಗಳ ನಿವಾಸಿಗಳಿಂದ ಕಣ್ಣುರಿ, ಕೆಮ್ಮಿನ ದೂರುಗಳು ಹೆಚ್ಚಿದವು. ಕೊನೆಗೆ 1985ರಿಂದ ಒಕ್ಕೂಟ ಸರ್ಕಾರದ ವಸತಿ ಇಲಾಖೆ ಅಂಥ ಮನೆಗಳಲ್ಲಿ ಬಳಸುವ ಹಲಗೆಗಳಿಗೆ ಮಿತಿ ಹಾಕಿತು.

ಆದರೆ ಆ ಇಲಾಖೆ ನೋಡಿಕೊಳ್ಳುವುದು ಮನೆಗಳನ್ನು. ಪ್ರವಾಸಕ್ಕೆಂದು ಮಾಡಿದ, 400 ಚದರ ಅಡಿ ಮೀರದ ಟ್ರೈಲರ್ ಕಾನೂನಿನ ಕಣ್ಣಲ್ಲಿ ಮನೆಯಲ್ಲ, ಮನರಂಜನೆಯ ವಾಹನ. ವಾಹನ ಎಂದ ಮೇಲೆ ಬ್ರೇಕು, ದೀಪ, ಟೈರುಗಳ ನಿಯಮ ಅನ್ವಯಿಸುತ್ತವೆ. ಒಳಗೆ ಮಲಗಿದವರು ಉಸಿರಾಡುವ ಗಾಳಿಯ ನಿಯಮ ಅನ್ವಯಿಸುವುದಿಲ್ಲ. ವರ್ಷಕ್ಕೆ ಎರಡು ವಾರ ರಜೆಯಲ್ಲಿ ಬಳಸುವ ವಸ್ತುವಿಗೆ ಅಷ್ಟೆಲ್ಲ ಏಕೆ ಎಂಬುದು ಇದರ ಹಿಂದಿನ ಭಾವನೆ. ಬಡವರು ಅದರಲ್ಲಿ ವರ್ಷವಿಡೀ ಇರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ವೈದ್ಯರು ಒಪ್ಪದ ಕಾಯಿಲೆ

ಈ ನಡುವೆ ಇನ್ನೊಂದು ವಾದ ನಡೆದಿತ್ತು. ಶಿಕಾಗೋದ ಅಲರ್ಜಿ ವೈದ್ಯ ಥೆರಾನ್ ರಾಂಡಾಲ್ಫ್ 1950ರ ದಶಕದಿಂದ ಒಂದು ವಿಚಾರ ಮುಂದಿಡುತ್ತಿದ್ದರು: ಅಡುಗೆ ಅನಿಲ, ಪ್ಲಾಸ್ಟಿಕ್, ಕೀಟನಾಶಕಗಳಂಥ ನಿತ್ಯದ ರಾಸಾಯನಿಕಗಳು ಅಲ್ಪ ಪ್ರಮಾಣದಲ್ಲೇ ಕೆಲವರನ್ನು ಕಾಯಿಲೆಗೆ ತಳ್ಳುತ್ತವೆ. 1962ರಲ್ಲಿ ಇದರ ಮೇಲೆ ಅವರ ಪುಸ್ತಕ ಬಂತು. 1987ರಲ್ಲಿ ಯೇಲ್ ವಿಶ್ವವಿದ್ಯಾಲಯದ ವೈದ್ಯ ಮಾರ್ಕ್ ಕಲ್ಲೆನ್ ಈ ಸ್ಥಿತಿಯನ್ನು ಬಹು ರಾಸಾಯನಿಕ ಸಂವೇದನೆ ಎಂಬ ಹೆಸರಿನಲ್ಲಿ ವಿವರಿಸಿದರು. ವೈದ್ಯಲೋಕ ಒಪ್ಪಲಿಲ್ಲ. ಅಮೆರಿಕನ್ ವೈದ್ಯ ಸಂಘದ ಸಮಿತಿಯೊಂದು 1992ರಲ್ಲಿ ಇದಕ್ಕೆ ಸಾಕಷ್ಟು ಆಧಾರವಿಲ್ಲ ಎಂದಿತು. ರೋಗಿಗೂ ಪರೀಕ್ಷಕರಿಗೂ ಗೊತ್ತಾಗದಂತೆ ರಾಸಾಯನಿಕವನ್ನೋ ಬರೀ ಗಾಳಿಯನ್ನೋ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಹಲವರಿಗೆ ಎರಡರ ವ್ಯತ್ಯಾಸ ಹೇಳಲು ಆಗಲಿಲ್ಲ. ನರಳಾಟ ನಿಜ, ಕಾರಣ ಮಾತ್ರ ವಿವಾದ ಎಂಬಲ್ಲಿಗೆ ಅದು ನಿಂತಿತು.

ವಾದ ತೀರುವವರೆಗೆ ಕಾಯಿಲೆಯವರು ಕಾಯುವಂತಿರಲಿಲ್ಲ. 1980ರ ದಶಕದ ಕೊನೆಯಿಂದ ಅರಿಜೋನಾದ ಸ್ನೋಫ್ಲೇಕ್ ಎಂಬ ಊರಿನ ಸುತ್ತಲ ಒಣಭೂಮಿಗೆ ಇಂಥವರು ಬಂದು ನೆಲೆಸತೊಡಗಿದರು. ಎತ್ತರದ ಪ್ರದೇಶ, ಒಣಗಾಳಿ, ದೂರದೂರದ ಮನೆಗಳು. ಅನುಕೂಲವಿದ್ದವರು ಲೋಹ, ಗಾಜು, ಸೆರಾಮಿಕ್ ಟೈಲುಗಳ ಮನೆ ಕಟ್ಟಿಕೊಂಡರು. ಇಲ್ಲದವರಿಗೆ ವ್ಯಾನು, ಟ್ರೈಲರ್, ಕೆಲವೊಮ್ಮೆ ಕಾರಿನ ಸೀಟೇ ಗತಿ.

ಈ ಕಾಯಿಲೆಯ ಮೇಲಿನ ಅನುಮಾನ ಒಂದು ಕೆಟ್ಟ ಅಭ್ಯಾಸವನ್ನೂ ಬೆಳೆಸಿತು. ಮನೆಯ ಗಾಳಿಯ ಬಗ್ಗೆ ಯಾರು ದೂರು ಹೇಳಿದರೂ ಅದು ಅವರ ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುವುದು ಸುಲಭವಾಯಿತು. ಆದರೆ ಫಾರ್ಮಾಲ್ಡಿಹೈಡ್ ವಿಷಯದಲ್ಲಿ ವಿವಾದವೇ ಇಲ್ಲ. ಅದನ್ನು ಅಳೆಯಬಹುದು. ಸೂಕ್ಷ್ಮ ದೇಹದವರಿಗಷ್ಟೇ ಅಲ್ಲ, ಪ್ರಮಾಣ ಏರಿದರೆ ಗಟ್ಟಿಮುಟ್ಟಾದವರಿಗೂ ಕಣ್ಣು, ಮೂಗು, ಗಂಟಲು ಉರಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ತೀರ್ಮಾನಿಸಿತು. ಮರುವರ್ಷವೇ ಚಂಡಮಾರುತ ಬಂತು.

ಕತ್ರೀನಾದ ನಂತರ

2005ರ ಆಗಸ್ಟ್ 29ರಂದು ಕತ್ರೀನಾ ಮೆಕ್ಸಿಕೋ ಕೊಲ್ಲಿಯ ಕರಾವಳಿಗೆ ಬಡಿಯಿತು. ಲಕ್ಷಾಂತರ ಜನ ಮನೆ ಕಳೆದುಕೊಂಡರು. ಒಕ್ಕೂಟ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ತರಾತುರಿಯಲ್ಲಿ ಸುಮಾರು 1,45,000 ಟ್ರೈಲರ್ ಮತ್ತು ಮೊಬೈಲ್ ಹೋಮ್‌ಗಳನ್ನು ಕೊಂಡಿತು. ಖರ್ಚು ಸುಮಾರು 270 ಕೋಟಿ ಡಾಲರ್. ಬೇಡಿಕೆ ಒಮ್ಮೆಗೇ ಏರಿ ಕಾರ್ಖಾನೆಗಳು ಓಡೋಡಿ ಕೆಲಸ ಮಾಡಿದವು. ಬಂದ ಟ್ರೈಲರ್‌ಗಳು ಹಳಸಿ, ಗಾಳಿಗೆ ತೆರೆದುಕೊಂಡು ಮಲಿನ ಕಳೆದುಕೊಳ್ಳಲು ಸಮಯವೇ ಇರಲಿಲ್ಲ. ಕಾರ್ಖಾನೆಯಿಂದ ನೇರ ಸಂತ್ರಸ್ತರ ಅಂಗಳಕ್ಕೆ, ಅದೂ ಕೊಲ್ಲಿಯ ಬಿಸಿಲು ಮತ್ತು ತೇವಕ್ಕೆ.

2006ರ ಹೊತ್ತಿಗೆ ದೂರುಗಳು ಬಂದವು. ಮಕ್ಕಳಿಗೆ ಮೂಗಿನಲ್ಲಿ ರಕ್ತ, ಬಿಡದ ಕೆಮ್ಮು, ಉಬ್ಬಸ. ಪರಿಸರ ಸಂಘಟನೆ ಸಿಯೆರಾ ಕ್ಲಬ್ ತಾನೇ ಕೆಲವು ಟ್ರೈಲರ್‌ಗಳನ್ನು ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಅನಿಲದ ಮಟ್ಟ ಎತ್ತರದಲ್ಲಿತ್ತು. ಫೆಮಾ ಕೊಟ್ಟ ಸಲಹೆ: ಕಿಟಕಿ ತೆರೆಯಿರಿ, ಗಾಳಿ ಆಡಲಿ. 2007ರ ಜುಲೈ 19ರಂದು ಸಂಸತ್ತಿನ ಕೆಳಮನೆಯ ಸಮಿತಿ ವಿಚಾರಣೆ ನಡೆಸಿತು. ಹೆನ್ರಿ ವಾಕ್ಸ್‌ಮನ್ ಅಧ್ಯಕ್ಷರಾಗಿದ್ದ ಆ ಸಮಿತಿಯ ಎದುರು ಬಂದ ಫೆಮಾದ ಒಳಗಿನ ಪತ್ರಗಳು ಬೇರೆಯದೇ ಕಥೆ ಹೇಳಿದವು. ಜನ ವಾಸವಿರುವ ಟ್ರೈಲರ್‌ಗಳನ್ನು ಪರೀಕ್ಷಿಸಬೇಡಿ, ಪರೀಕ್ಷಿಸಿದರೆ ಹೊಣೆ ನಮ್ಮ ಮೇಲೆ ಬರುತ್ತದೆ ಎಂಬುದು ಅದರ ವಕೀಲರ ಸಲಹೆಯಾಗಿತ್ತು. ಅಳೆಯದಿದ್ದರೆ ಅಂಕಿಯಿಲ್ಲ, ಅಂಕಿಯಿಲ್ಲದಿದ್ದರೆ ತಪ್ಪೂ ಇಲ್ಲ.

ಕೊನೆಗೆ ರೋಗ ನಿಯಂತ್ರಣ ಕೇಂದ್ರ 2007ರ ಡಿಸೆಂಬರ್ ಮತ್ತು 2008ರ ಜನವರಿಯಲ್ಲಿ 519 ಮನೆಗಳ ಗಾಳಿ ಅಳೆಯಿತು. ಗಾಳಿಯ ನೂರು ಕೋಟಿ ಭಾಗಗಳಲ್ಲಿ ಫಾರ್ಮಾಲ್ಡಿಹೈಡ್ ಸರಾಸರಿ 77 ಭಾಗ. ಅತಿ ಕಡಿಮೆ 3, ಅತಿ ಹೆಚ್ಚು 590. ಸಾಮಾನ್ಯ ಅಮೆರಿಕನ್ ಮನೆಯಲ್ಲಿ ಇದು 10ರಿಂದ 20ರ ಆಸುಪಾಸು. ಟ್ರೈಲರ್‌ಗಳಿಗೆ ಆಗಲೇ ಎರಡು ವರ್ಷ ಕಳೆದಿತ್ತು, ಅಳೆದದ್ದು ಚಳಿಗಾಲದಲ್ಲಿ. ಮೊದಲ ಬೇಸಿಗೆಯಲ್ಲಿ ಅಲ್ಲಿ ಮಲಗಿದ್ದ ಮಕ್ಕಳು ಎಷ್ಟು ಉಸಿರಾಡಿದರು ಎಂಬ ಲೆಕ್ಕ ಎಲ್ಲೂ ಇಲ್ಲ. ಮತ್ತೊಂದು ಬೇಸಿಗೆ ಬರುವ ಮುಂಚೆ ಜನರನ್ನು ಬೇರೆಡೆಗೆ ಸಾಗಿಸಿ ಎಂದು ಕೇಂದ್ರ ಹೇಳಿತು.

ಖಾಲಿಯಾದ ಟ್ರೈಲರ್‌ಗಳನ್ನು ಸರ್ಕಾರ ಕೊಂಡ ಬೆಲೆಯ ಸಣ್ಣ ಪಾಲಿಗೆ ಹರಾಜು ಹಾಕಿತು. ಚೀಟಿ ಅಂಟಿಸಿ, ವಾಸಕ್ಕೆ ಕೊಡುವುದಿಲ್ಲ ಎಂದು ಕೊಂಡವರಿಂದ ಬರೆಸಿಕೊಂಡಿತು. 2010ರ ಏಪ್ರಿಲ್‌ನಲ್ಲಿ ಅದೇ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ತೈಲಬಾವಿ ಸಿಡಿಯಿತು. ಚೆಲ್ಲಿದ ಎಣ್ಣೆ ಬಳಿಯಲು ಬಂದ ಕೂಲಿಗಳಲ್ಲಿ ಕೆಲವರು ಉಳಿದುಕೊಂಡದ್ದು ಇದೇ ಟ್ರೈಲರ್‌ಗಳಲ್ಲಿ ಎಂದು ಪತ್ರಿಕೆಗಳು ವರದಿ ಮಾಡಿದವು.

ಕೊಳ್ಳುವವರ ಮೂಗು

ಈ ಇತಿಹಾಸ ತಿಳಿದವರಿಗೆ ಹಳೆಯ ಗಾಲಿಮನೆ ಕೊಳ್ಳುವುದು ಒಂದು ಪತ್ತೇದಾರಿ ಕೆಲಸ. ಮೊದಲ ಪ್ರಶ್ನೆ ಎಂಜಿನ್ ಎಷ್ಟು ಓಡಿದೆ ಎಂಬುದಲ್ಲ, ತಯಾರಾದ ವರ್ಷ ಯಾವುದು, ಮೊದಲ ಮಾಲೀಕ ಯಾರು ಎಂಬುದು. 2005, 2006ರ ಅಗ್ಗದ ಟ್ರೈಲರ್ ಎಂದರೆ ನೋಂದಣಿ ಪತ್ರಗಳ ಸರಪಳಿಯನ್ನು ಹಿಂದಕ್ಕೆ ಹಿಡಿದು ನೋಡುತ್ತಾರೆ.

ವಯಸ್ಸಾದಷ್ಟೂ ಅಂಟಿನ ಅನಿಲ ಕಡಿಮೆ. ಆದರೆ ವಯಸ್ಸು ಬೇರೆ ತೊಂದರೆಗಳನ್ನು ತರುತ್ತದೆ. ಚಾವಣಿಯ ಸಂದಿನಿಂದ ನೀರು ಇಳಿದು ಗೋಡೆಯೊಳಗೆ ಬೂಷ್ಟು ಹಿಡಿದಿರುತ್ತದೆ. ಹಿಂದಿನವರ ಸಿಗರೇಟು, ಸುಗಂಧದ ಸ್ಪ್ರೇ, ನುಸಿಗುಳಿಗೆಗಳ ವಾಸನೆ ಹಾಸಿಗೆಯ ಫೋಮಿನಲ್ಲಿ, ಪರದೆಯಲ್ಲಿ ಇಳಿದಿರುತ್ತದೆ. ಶೌಚದ ತೊಟ್ಟಿಗೆ ಹಾಕುತ್ತಿದ್ದ ಹಳೆಯ ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡೇ ಇರುತ್ತಿತ್ತು. ಫೋಮು, ಪರದೆ, ಕಾರ್ಪೆಟ್ ಕಿತ್ತೆಸೆಯಬಹುದು. ಬೂಷ್ಟು ಹಿಡಿದ ಗೋಡೆಯನ್ನು ಕಡಿಮೆ ಹಣದಲ್ಲಿ ಸರಿಮಾಡಲಾಗದು. ಹೊಸ ಪ್ಲೈವುಡ್ ಹೊಡೆಸಿದರೆ ಮತ್ತೆ ಅಂಟಿನ ಕಥೆ ಮೊದಲಿನಿಂದ.

ಆದ್ದರಿಂದಲೇ ಒಳಗೋಡೆಗೂ ಅಲ್ಯುಮಿನಿಯಂ ಹೊದಿಸಿದ ಹಳೆಯ ಏರ್‌ಸ್ಟ್ರೀಮ್‌ಗಳಿಗೆ, ಸಂದುಗಳು ಕಡಿಮೆಯಿದ್ದು ನೀರು ಸುಲಭವಾಗಿ ಸೋರದ ಫೈಬರ್‌ಗ್ಲಾಸ್ ಟ್ರೈಲರ್‌ಗಳಿಗೆ ಇವರ ನಡುವೆ ಬೆಲೆ. ಕೆನಡಾದ ವಿನ್ನಿಪೆಗ್‌ನಲ್ಲಿ 1968ರಲ್ಲಿ ಹುಟ್ಟಿದ ಮೊಟ್ಟೆಯಾಕಾರದ ಬೋಲರ್ ಅಂಥದ್ದು. ಅದೂ ಸಿಗದವರು ಖಾಲಿ ಸರಕಿನ ವ್ಯಾನು ಕೊಂಡು, ಲೋಹದ ಕಪಾಟು, ಹತ್ತಿಯ ಹಾಸಿಗೆ ಇಟ್ಟುಕೊಳ್ಳುತ್ತಾರೆ. ಕಿಟಕಿ ಬಾಗಿಲು ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಕೂತು ನೋಡುವುದು, ಆದರೆ ಒಂದು ರಾತ್ರಿ ಮಲಗಿ ನೋಡುವುದು ಹಳೆಯ ಪರೀಕ್ಷೆ. ಮೂಗನ್ನಷ್ಟೇ ನಂಬುವಂತಿಲ್ಲ, ಸ್ವಲ್ಪ ಹೊತ್ತಿನಲ್ಲಿ ಅದು ವಾಸನೆಗೆ ಒಗ್ಗಿಕೊಳ್ಳುತ್ತದೆ. ಪ್ರಯೋಗಾಲಯಕ್ಕೆ ಕಳಿಸುವ ಅಳತೆಯ ಸಾಧನಕ್ಕೆ ಹಾಕಿದ ಹಣ, ತಪ್ಪು ಮನೆಗೆ ಹಾಕುವ ಹಣಕ್ಕಿಂತ ಬಹಳ ಕಡಿಮೆ.

ಹೊಸದಕ್ಕೆ ಕಾನೂನು

ಕ್ಯಾಲಿಫೋರ್ನಿಯಾ 2007ರಲ್ಲಿ ಹಲಗೆಗಳಿಗೆ ಬಿಗಿ ಮಿತಿ ರೂಪಿಸಿ 2009ರಿಂದ ಜಾರಿಗೆ ತಂದಿತು. ಅದನ್ನೇ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆಗೆ 2010ರ ಜುಲೈನಲ್ಲಿ ಅಧ್ಯಕ್ಷ ಒಬಾಮ ಸಹಿ ಹಾಕಿದರು. ಅದು ಜಾರಿಯಾಗಲು 2018 ಬರಬೇಕಾಯಿತು. ಈ ಕಾಯಿದೆ ಹೊಸ ವಾಹನಗಳಿಗೆ ವಿನಾಯಿತಿ ಕೊಡುತ್ತದೆ, ಆದರೆ ಮನರಂಜನೆಯ ವಾಹನಗಳಿಗೆ ಆ ವಿನಾಯಿತಿ ಇಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ದಶಕಗಳ ಕಂಡಿ ಮುಚ್ಚಿದ್ದು ಆವರಣದೊಳಗಿನ ಆ ಕೆಲವು ಪದಗಳಿಂದ. 2012ರಲ್ಲಿ ನ್ಯೂ ಆರ್ಲಿಯನ್ಸ್‌ನ ನ್ಯಾಯಾಲಯ ತಯಾರಕರು ಮತ್ತು ಗುತ್ತಿಗೆದಾರರು ಕೊಡಲೊಪ್ಪಿದ 4.26 ಕೋಟಿ ಡಾಲರ್ ಪರಿಹಾರಕ್ಕೆ ಮುದ್ರೆಯೊತ್ತಿತು. ಹಕ್ಕುದಾರರು ಸುಮಾರು 55,000. ವಕೀಲರ ಶುಲ್ಕ ಕಳೆಯುವ ಮುನ್ನವೇ ತಲೆಗೆ 800 ಡಾಲರ್‌ಗಿಂತ ಕಡಿಮೆ.

ಇವತ್ತು ಹೊಸ ಗಾಲಿಮನೆ ಕೊಳ್ಳುವ ಶಕ್ತಿಯಿದ್ದವರಿಗೆ ಕಾನೂನಿನ ರಕ್ಷಣೆಯಿದೆ. ಹಳೆಯದನ್ನು ಕೊಳ್ಳುವವರಿಗೆ ಅದು ತಯಾರಾದ ವರ್ಷದ ಕಾನೂನೇ ಗತಿ. ಆ ಚೀಟಿಗಳು ಬಹುಪಾಲು ಬಿಸಿಲಿಗೆ ಮಾಸಿ ಹೋಗಿರುತ್ತವೆ, ಇಲ್ಲವೇ ಯಾರೋ ಕಿತ್ತಿರುತ್ತಾರೆ. ಹಾಗಾಗಿ ಬಾಗಿಲು ತೆರೆದ ಮಾರಾಟಗಾರ ಒಳಗೆ ಬನ್ನಿ ಎಂದಾಗ, ತಿಳಿದವರು ಹೊಸ್ತಿಲ ಹೊರಗೇ ನಿಂತು ಮೊದಲು ಪತ್ರ ಕೇಳುತ್ತಾರೆ.