ಮನೆ ಚಂದಾಪುರದಲ್ಲಿ, ವೋಟು ಊರಲ್ಲಿ: ವಾರ್ಡ್ ಎಲೆಕ್ಷನ್‌ಗೆ ಮೊದಲು ಪಟ್ಟಿಯಲ್ಲಿ ನೋಡಬೇಕಾದ್ದೇನು?

ಆನೇಕಲ್: ಚಂದಾಪುರ ಸರ್ಕಲ್ ಸುತ್ತ ಅಂಗಡಿ ಇಟ್ಟವರನ್ನು, ಬಾಡಿಗೆ ಮನೆಯಲ್ಲಿ ಇರುವವರನ್ನು ‘ನಿಮ್ಮ ವೋಟು ಎಲ್ಲಿದೆ’ ಎಂದು ಕೇಳಿದರೆ ಬರುವ ಉತ್ತರ ಒಂದೇ ಥರ ಇರುವುದಿಲ್ಲ. ಕೆಲವರದು ಹುಟ್ಟೂರಲ್ಲಿ. ಕೆಲವರದು ಮೊದಲು ಬಾಡಿಗೆಗಿದ್ದ ಬೊಮ್ಮನಹಳ್ಳಿ ಕಡೆ. ಇನ್ನು ಕೆಲವರದು ಎರಡೂ ಕಡೆ ಇದೆ, ಅದು ಅವರಿಗೇ ಗೊತ್ತಿಲ್ಲ. ‘ಕಾರ್ಡ್ ಇದೆಯಲ್ಲ, ಸಾಕು’ ಎನ್ನುವವರೇ ಜಾಸ್ತಿ. ಲೋಕಸಭೆ, ವಿಧಾನಸಭೆ ಚುನಾವಣೆಗೆ ಊರಿಗೆ ಬಸ್ ಹತ್ತಿ ಹೋಗಿ ವೋಟು ಹಾಕಿ ಬರಬಹುದು. ಆದರೆ ಮನೆ ಮುಂದಿನ ಚರಂಡಿ, ಬೀದಿ ದೀಪ, ಕಸದ ಗಾಡಿ, ಅಂಗಡಿಯ ಲೈಸೆನ್ಸು ನೋಡಿಕೊಳ್ಳುವ ಪುರಸಭೆಗೆ ಸದಸ್ಯರನ್ನು ಆರಿಸುವಾಗ ಇಂಥವರು ಲೆಕ್ಕಕ್ಕೇ ಇರುವುದಿಲ್ಲ.

ಹೊಸೂರು ರಸ್ತೆಯ ಈ ಪಟ್ಟಿಗೆ, ಅಂದರೆ ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ ಮತ್ತು ಪಕ್ಕದ ಜಿಗಣಿಗೆ, ಈ ಮಾತು ಬೇರೆ ಊರುಗಳಿಗಿಂತ ಹೆಚ್ಚು ಅನ್ವಯಿಸುತ್ತದೆ. ಎಲ್ಲವೂ ಹಿಂದೆ ಗ್ರಾಮ ಪಂಚಾಯಿತಿಗಳಾಗಿದ್ದು, ಕಾರ್ಖಾನೆ ಮತ್ತು ಲೇಔಟ್‌ಗಳ ಭರಾಟೆಯಲ್ಲಿ ಪುರಸಭೆ, ನಗರಸಭೆಗಳಾದ ಊರುಗಳು. ಬೊಮ್ಮಸಂದ್ರ, ಜಿಗಣಿ ಕೈಗಾರಿಕಾ ಪ್ರದೇಶಗಳಿಗೆ ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ, ಬಿಹಾರ–ಒಡಿಶಾದಿಂದ ಜನ ಬಂದು ನೆಲೆಸಿದ್ದಾರೆ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂದ ಮೇಲೆ ಬೆಂಗಳೂರಿನ ಒಳಗೆ ಕೆಲಸ ಮಾಡುವವರೂ ಈ ಕಡೆ ಮನೆ ನೋಡಲು ಇನ್ನೊಂದು ಕಾರಣ ಸಿಕ್ಕಿದೆ. ಜನ ಬಂದಷ್ಟು ಬೇಗ ಅವರ ವೋಟು ಬರುವುದಿಲ್ಲ. ಸಮಸ್ಯೆ ಇರುವುದೇ ಅಲ್ಲಿ.

ಒಂದು ವಾರ್ಡ್ ಎಂದರೆ ಎಷ್ಟು ಜನ?

ಹೆಬ್ಬಗೋಡಿ ನಗರಸಭೆ, ಚಂದಾಪುರ ಮತ್ತು ಜಿಗಣಿ ಪುರಸಭೆಗಳಿಗೆ ಕಳೆದ ಬಾರಿ ಮತದಾನ ನಡೆದದ್ದು 2021ರ ಡಿಸೆಂಬರ್ 27ರಂದು. ಅಂದು ರಾಜ್ಯದ 58 ನಗರ ಸ್ಥಳೀಯ ಸಂಸ್ಥೆಗಳ 1,184 ವಾರ್ಡ್‌ಗಳಿಗೆ ಚುನಾವಣೆ ಇತ್ತು. ಕಾಂಗ್ರೆಸ್ 498, ಬಿಜೆಪಿ 437, ಜೆಡಿಎಸ್ 45 ಕಡೆ ಗೆದ್ದರೆ ಪಕ್ಷೇತರರು ಮತ್ತು ಇತರರು 204 ವಾರ್ಡ್ ಗೆದ್ದರು. ಈ ಕೊನೆಯ ಸಂಖ್ಯೆಯನ್ನು ಇನ್ನೊಂದು ಸಲ ನೋಡಿ. ಆರು ವಾರ್ಡ್‌ನಲ್ಲಿ ಒಂದು ವಾರ್ಡ್ ದೊಡ್ಡ ಪಕ್ಷಗಳ ಕೈಗೆ ಸಿಗಲಿಲ್ಲ. ಬೀದಿಯಲ್ಲಿ ಮುಖಪರಿಚಯ ಇದ್ದು, ನಾಲ್ಕು ಮನೆತನದ ಬೆಂಬಲ ಇದ್ದರೆ ವಾರ್ಡ್ ಗೆಲ್ಲಬಹುದು ಎನ್ನುವುದಕ್ಕೆ ಇದೇ ಸಾಕ್ಷಿ.

ಕಾರಣ ಸರಳ. ವಿಧಾನಸಭಾ ಕ್ಷೇತ್ರದಲ್ಲಿ ಮತದಾರರ ಲೆಕ್ಕ ಲಕ್ಷಗಳಲ್ಲಿ. ಪುರಸಭೆ ಎಂದರೆ ಕಾನೂನಿನ ಪ್ರಕಾರ 20 ಸಾವಿರದಿಂದ 50 ಸಾವಿರ ಜನಸಂಖ್ಯೆಯ ಊರು, ಅದಕ್ಕೆ ಸಾಮಾನ್ಯವಾಗಿ 23 ಅಥವಾ 27 ವಾರ್ಡ್. ಭಾಗಿಸಿ ನೋಡಿದರೆ ಒಂದು ವಾರ್ಡ್‌ಗೆ ಸುಮಾರು 900ರಿಂದ 1,900 ಜನ ಬರುತ್ತಾರೆ, ಅದೂ ಮಕ್ಕಳನ್ನು ಸೇರಿಸಿ. ಅದರಲ್ಲಿ ವೋಟು ಇರುವವರು ಇನ್ನೂ ಕಡಿಮೆ, ಮತಗಟ್ಟೆಗೆ ಬರುವವರು ಅದಕ್ಕಿಂತ ಕಡಿಮೆ. ಹತ್ತು ಹದಿನೈದು ಮನೆಯ ಒಂದು ವಠಾರ ಫಲಿತಾಂಶ ತಿರುಗಿಸಬಲ್ಲದು. ಬಾಡಿಗೆದಾರರ ಬೀದಿಗೆ ಪ್ರಚಾರದವರು ಕಾಲಿಡದೇ ಇರುವುದಕ್ಕೂ ಇದೇ ಕಾರಣ: ಪಟ್ಟಿ ಅವರ ಕೈಯಲ್ಲಿ ಇರುತ್ತದೆ, ಯಾವ ಮನೆಯಲ್ಲಿ ವೋಟಿಲ್ಲ ಎಂದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ತೊಡಕಿದೆ. ವಾರ್ಡ್ ಗಡಿ ಗುರುತಿಸಿರುವುದು 2011ರ ಜನಗಣತಿಯ ಲೆಕ್ಕದಲ್ಲಿ. ಆಗ ರಾಗಿ ಹೊಲವಾಗಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಪಿ.ಜಿ.ಗಳಿವೆ. ಮುಂದಿನ ಜನಗಣತಿಯ ಎಣಿಕೆಗೆ ಆಧಾರ ದಿನ 2027ರ ಮಾರ್ಚ್ 1. ಅದರ ಅಂಕಿ ಬಂದು ಗಡಿ ಮರುವಿಂಗಡಣೆ ಆಗುವವರೆಗೆ ಹಳೆ ವಾರ್ಡ್ ಸಣ್ಣದಾಗಿಯೇ, ಹೊಸ ಲೇಔಟ್ ಸೇರಿದ ವಾರ್ಡ್ ದೊಡ್ಡದಾಗಿಯೇ ಇರುತ್ತದೆ. ಸದಸ್ಯ ಮಾತ್ರ ಎರಡಕ್ಕೂ ಒಬ್ಬನೇ.

ಪಟ್ಟಿ ಯಾರದು, ಚುನಾವಣೆ ಯಾರದು?

ಇಲ್ಲಿ ತುಂಬಾ ಜನ ಎಡವುತ್ತಾರೆ. ಪುರಸಭೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಮತದಾರರ ಪಟ್ಟಿ ತಯಾರಿಸುವುದು ಭಾರತ ಚುನಾವಣಾ ಆಯೋಗದ ವ್ಯವಸ್ಥೆ. ಇವೆರಡೂ ಬೇರೆ ಬೇರೆ ಸಂಸ್ಥೆಗಳು. ಕರ್ನಾಟಕ ಪೌರಸಭೆಗಳ ಕಾಯ್ದೆ, 1964ರ ಪ್ರಕಾರ ಆಯಾ ಪ್ರದೇಶದ ವಿಧಾನಸಭೆ ಮತದಾರರ ಪಟ್ಟಿಯೇ ವಾರ್ಡ್‌ನ ಮತದಾರರ ಪಟ್ಟಿ. ಅಂದರೆ 177ನೇ ಆನೇಕಲ್ ಕ್ಷೇತ್ರದ ಪಟ್ಟಿಯನ್ನು ತೆಗೆದುಕೊಂಡು, ಬೀದಿ–ಮನೆ ನೋಡಿ, ವಾರ್ಡ್‌ವಾರು ಕತ್ತರಿಸಿ ಜೋಡಿಸುತ್ತಾರೆ. ವಿಧಾನಸಭೆ ಪಟ್ಟಿಯಲ್ಲಿ ಇಲ್ಲದ ಹೆಸರು ವಾರ್ಡ್ ಪಟ್ಟಿಗೆ ತಾನಾಗಿ ಬರುವುದಿಲ್ಲ. ಪುರಸಭೆ ಕಚೇರಿಗೆ ಹೋಗಿ ‘ನಮ್ಮ ಹೆಸರು ಸೇರಿಸಿ’ ಎಂದು ಕೌಂಟರ್ ಮುಂದೆ ನಿಂತರೆ ಕೆಲಸ ಆಗದಿರುವುದು ಇದಕ್ಕೇ.

ಈ ಕತ್ತರಿಸಿ ಜೋಡಿಸುವ ಕೆಲಸದಲ್ಲೇ ಎಡವಟ್ಟು ಆಗುವುದು. ವಿಧಾನಸಭೆ ಪಟ್ಟಿಯ ‘ಭಾಗ’ದ ಗಡಿ ಬೇರೆ, ವಾರ್ಡ್ ಗಡಿ ಬೇರೆ. ಹಳೆ ಊರಿನ ಬೀದಿಗಳಲ್ಲಿ ಮನೆ ನಂಬರ್ ಸರಿಯಾಗಿದ್ದರೆ ತೊಂದರೆ ಇಲ್ಲ. ಹೊಸ ರೆವಿನ್ಯೂ ಲೇಔಟ್‌ನಲ್ಲಿ ಮನೆ ನಂಬರ್ ಜಾಗದಲ್ಲಿ ಸೊನ್ನೆಯೋ, ಸೈಟ್ ನಂಬರೋ, ಬರೀ ಲೇಔಟ್ ಹೆಸರೋ ಇರುತ್ತದೆ. ಹೀಗಾಗಿ ಗಂಡನ ಹೆಸರು ಒಂದು ವಾರ್ಡ್‌ಗೆ, ಹೆಂಡತಿಯದು ಪಕ್ಕದ ವಾರ್ಡ್‌ಗೆ ಹೋಗುವ ಸಂಭವ ಇದೆ. ವಾರ್ಡ್‌ವಾರು ಕರಡು ಪಟ್ಟಿ ಪ್ರಕಟವಾದಾಗ ಆಕ್ಷೇಪಣೆಗೆ ಕೆಲವೇ ದಿನ ಕಾಲಾವಕಾಶ ಕೊಡುತ್ತಾರೆ. ಪಟ್ಟಿ ತಹಶೀಲ್ದಾರ್ ಕಚೇರಿಯಲ್ಲಿ, ಪುರಸಭೆಯಲ್ಲಿ ಇಟ್ಟಿರುತ್ತಾರೆ. ಆ ದಿನಗಳಲ್ಲಿ ನೋಡದೆ, ಮತದಾನದ ದಿನ ಬೂತ್ ಮುಂದೆ ಜಗಳ ತೆಗೆದು ಪ್ರಯೋಜನ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಪತ್ರದಲ್ಲಿ ನಡೆಸಲು ಶಿಫಾರಸು ಮಾಡಿತು. ಚರ್ಚೆ ಎಲ್ಲಾ ಮತಯಂತ್ರದ ಸುತ್ತಲೇ ನಡೆಯಿತು. ಪೇಪರ್ ಆಗಲಿ, ಮಷೀನ್ ಆಗಲಿ, ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಎರಡೂ ಒಂದೇ.

ಅಂಗಡಿ ಇಲ್ಲಿ, ಮನೆ ಅಲ್ಲಿ

ವ್ಯಾಪಾರಿಗಳು ಕೇಳುವ ಪ್ರಶ್ನೆ: ‘ಹದಿನೈದು ವರ್ಷದಿಂದ ಇಲ್ಲಿ ಅಂಗಡಿ, ಲೈಸೆನ್ಸ್ ಕಟ್ಟುತ್ತೇವೆ, ನಮಗೆ ಯಾಕೆ ಇಲ್ಲಿ ವೋಟಿಲ್ಲ?’ ಉತ್ತರ 1950ರ ಜನಪ್ರಾತಿನಿಧ್ಯ ಕಾಯ್ದೆಯಲ್ಲಿದೆ. ವೋಟು ಇರಬೇಕಾದ್ದು ಮನುಷ್ಯ ‘ಸಾಮಾನ್ಯವಾಗಿ ವಾಸಿಸುವ’ ಜಾಗದಲ್ಲಿ. ಅಂಗಡಿ ಇದ್ದರೆ, ಸೈಟ್ ಇದ್ದರೆ, ಕಡೆಗೆ ಸ್ವಂತ ಮನೆಯೇ ಇದ್ದು ಬಾಡಿಗೆಗೆ ಕೊಟ್ಟಿದ್ದರೂ ಅಷ್ಟರಿಂದಲೇ ವೋಟು ಬರುವುದಿಲ್ಲ. ಮಲಗಿ ಏಳುವ ಮನೆ ಎಲ್ಲಿದೆಯೋ ಅಲ್ಲಿ. ಹಾಗೆಯೇ ಬಾಡಿಗೆ ಮನೆ ಎಂಬ ಕಾರಣಕ್ಕೆ ವೋಟು ನಿರಾಕರಿಸುವಂತಿಲ್ಲ. ಮನೆ ಮಾಲೀಕ ಸೂರ್ಯನಗರದಲ್ಲಿದ್ದು, ಬಾಡಿಗೆದಾರ ಚಂದಾಪುರದ ಆ ಮನೆಯಲ್ಲಿದ್ದರೆ, ಆ ವಿಳಾಸದ ವೋಟು ಬಾಡಿಗೆದಾರನದ್ದೇ.

ಊರಿನ ಹೆಸರು ತೆಗೆಸಲು ಜನ ಹಿಂಜರಿಯುವುದಕ್ಕೆ ಕಾರಣ ಬರೀ ಸೋಮಾರಿತನ ಅಲ್ಲ. ‘ಅಲ್ಲಿ ಹೆಸರು ತೆಗೆದರೆ ರೇಷನ್ ಕಾರ್ಡ್ ಹೋಗುತ್ತೆ, ಪಹಣಿ ತಕರಾರು ಆಗುತ್ತೆ’ ಎಂಬ ಭಯ ಇದೆ. ಮತದಾರರ ಪಟ್ಟಿಗೂ ಪಹಣಿಗೂ ಸಂಬಂಧ ಇಲ್ಲ; ಪಡಿತರ ಚೀಟಿ ಆಹಾರ ಇಲಾಖೆಯದು, ಅದರ ನಿಯಮವೇ ಬೇರೆ. ಆದರೆ ಇನ್ನೊಂದು ಕಾರಣ ಸುಳ್ಳಲ್ಲ: ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಅಣ್ಣನೋ ಚಿಕ್ಕಪ್ಪನೋ ನಿಂತಿರುತ್ತಾರೆ, ಒಂದು ವೋಟಿಗೂ ಅಲ್ಲಿ ಬೆಲೆ ಇರುತ್ತದೆ, ಅವರೇ ಗಾಡಿ ಕಳಿಸಿ ಕರೆಸಿಕೊಳ್ಳುತ್ತಾರೆ. ಅದನ್ನು ಬಿಟ್ಟು ಬರುವುದು ಸುಲಭ ಅಲ್ಲ. ಆಯ್ಕೆ ಅವರದು, ಆದರೆ ಎರಡು ಕಡೆ ಇಟ್ಟುಕೊಳ್ಳುವಂತಿಲ್ಲ.

ಫಾರಂ 6 ಅಲ್ಲ, ಫಾರಂ 8

ಎರಡು ಕಡೆ ಹೆಸರು ಬರುವುದು ಹೆಚ್ಚಾಗಿ ಮೋಸದಿಂದಲ್ಲ, ತಪ್ಪು ಫಾರಂನಿಂದ. ಫಾರಂ 6 ಮೊದಲ ಬಾರಿ ಹೆಸರು ಸೇರಿಸುವವರಿಗೆ. ಈಗಾಗಲೇ ಎಲ್ಲಾದರೂ ವೋಟು ಇದ್ದು ಮನೆ ಬದಲಿಸಿದವರು ಹಾಕಬೇಕಾದ್ದು ಫಾರಂ 8. 2022ರ ಆಗಸ್ಟ್‌ಗೆ ಮೊದಲು ಕ್ಷೇತ್ರದ ಒಳಗೆ ಬದಲಿಸಲು 8ಎ ಎಂಬ ಬೇರೆ ಫಾರಂ ಇತ್ತು, ಕ್ಷೇತ್ರ ಬದಲಾದರೆ ಫಾರಂ 6ನ್ನೇ ಹಾಕಬೇಕಿತ್ತು. ಈಗ ಎರಡಕ್ಕೂ ಫಾರಂ 8 ಒಂದೇ. ಹಳೆ ಅಭ್ಯಾಸದಲ್ಲಿ ಸೈಬರ್ ಸೆಂಟರ್‌ನವರು ಇವತ್ತಿಗೂ ಫಾರಂ 6 ತುಂಬಿಬಿಟ್ಟರೆ ಹೊಸ ನಂಬರಿನ ಇನ್ನೊಂದು ಕಾರ್ಡ್ ಬರುತ್ತದೆ, ಊರಿನ ಹೆಸರು ಅಲ್ಲೇ ಉಳಿಯುತ್ತದೆ. ಫಾರಂ 6ರಲ್ಲಿ ‘ಬೇರೆಲ್ಲೂ ನನ್ನ ಹೆಸರಿಲ್ಲ’ ಎಂಬ ಘೋಷಣೆಗೆ ಸಹಿ ಇರುತ್ತದೆ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ಸಹಿ ಹಾಕಿದವರು ಹೊಣೆ, ಫಾರಂ ತುಂಬಿಕೊಟ್ಟವರಲ್ಲ.

ಫಾರಂ 8 ಹಾಕಿದರೆ ಎಪಿಕ್ ನಂಬರ್ ಬದಲಾಗುವುದಿಲ್ಲ. ಭಾಗ ಸಂಖ್ಯೆ, ಕ್ರಮ ಸಂಖ್ಯೆ ಮಾತ್ರ ಬದಲಾಗುತ್ತದೆ. ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಹೆಬ್ಬಗೋಡಿಗೆ ಮನೆ ಬದಲಿಸಿದರೆ ದೂರ ಎರಡು ಮೂರು ಕಿಲೋಮೀಟರ್ ಇರಬಹುದು, ಆದರೆ ಕ್ಷೇತ್ರ ಬೆಂಗಳೂರು ದಕ್ಷಿಣದಿಂದ ಆನೇಕಲ್‌ಗೆ ಬದಲಾಗಬಹುದು. ಒಂದೇ ಊರಲ್ಲಿ ಎರಡು ಬೀದಿ ಆಚೆ ಹೋದರೂ ವಾರ್ಡ್ ಬದಲಾಗಬಹುದು, ಆಗಲೂ ಫಾರಂ 8 ಬೇಕು. ಇದನ್ನು ಹಾಕುವವರೇ ಕಡಿಮೆ.

ದಾಖಲೆ ವಿಷಯದಲ್ಲಿ ಬಾಡಿಗೆದಾರರಿಗೆ ಒಂದು ಮಾತು. ವಿಳಾಸಕ್ಕೆ ಒಪ್ಪುವ ಪಟ್ಟಿಯಲ್ಲಿ ಇರುವುದು ನೋಂದಾಯಿತ ಬಾಡಿಗೆ ಕರಾರು. ನಮ್ಮಲ್ಲಿ ನಡೆಯುವುದು ಸ್ಟಾಂಪ್ ಪೇಪರ್ ಮೇಲಿನ 11 ತಿಂಗಳ ಅಗ್ರಿಮೆಂಟ್, ಅದು ನೋಂದಣಿ ಆಗಿರುವುದಿಲ್ಲ. ಅದರ ಬದಲು ಈಗಿನ ವಿಳಾಸ ಇರುವ ಆಧಾರ್, ಬ್ಯಾಂಕ್ ಅಥವಾ ಪೋಸ್ಟ್ ಆಫೀಸ್ ಪಾಸ್‌ಬುಕ್, ಕನಿಷ್ಠ ಒಂದು ವರ್ಷದ ನೀರು, ಕರೆಂಟ್ ಅಥವಾ ಗ್ಯಾಸ್ ಬಿಲ್ ಕೊಡಬಹುದು. ಯಾವುದೂ ಇಲ್ಲದಿದ್ದರೆ ಬೂತ್ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ, ಮನೆಗೆ ಬಂದು ಪರಿಶೀಲಿಸಲು ಅವಕಾಶ ಇದೆ. ‘ಓನರ್ ಕರೆಂಟ್ ಬಿಲ್ ಕೊಡ್ತಿಲ್ಲ’ ಎಂದು ಅಲ್ಲಿಗೇ ಬಿಡಬೇಕಾಗಿಲ್ಲ. 18 ತುಂಬಿದ ಮಕ್ಕಳಿಗೆ ಈಗ ಜನವರಿ 1 ಒಂದೇ ಅಲ್ಲ, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅರ್ಹತಾ ದಿನ. 17 ತುಂಬಿದ ಮೇಲೆ ಮುಂಗಡವಾಗಿಯೇ ಅರ್ಜಿ ಹಾಕಬಹುದು.

ಹೆಸರು ಹೋಗುವ ದಾರಿಗಳು

ಸೇರಿಸುವುದಕ್ಕಿಂತ ಈಗ ಜನರಿಗೆ ತಲೆನೋವಾಗಿರುವುದು ತೆಗೆಯುವುದು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭೆ ಚುನಾವಣೆಗೆ ಮೊದಲು ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಫಾರಂ 7 ಬಂದಿದ್ದವು. ಪರಿಶೀಲಿಸಿದಾಗ ಸರಿ ಇದ್ದದ್ದು 24, ಉಳಿದ 5,994 ಸುಳ್ಳು. ಆ ಹೆಸರುಗಳು ಪಟ್ಟಿಯಲ್ಲಿ ಉಳಿದವು, ಪೊಲೀಸ್ ಕೇಸೂ ಆಯಿತು. ಯಾರೋ ಗಮನಿಸಿ ದೂರು ಕೊಟ್ಟಿದ್ದರಿಂದ ಇದು ಬಯಲಾಯಿತು.

ಬಿಹಾರದ್ದು ಇನ್ನೊಂದು ಥರ. 2025ರ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದವು. ಆಯೋಗವೇ ಕೊಟ್ಟ ಲೆಕ್ಕದಲ್ಲಿ ಸತ್ತವರು 22 ಲಕ್ಷ, ಎರಡು ಕಡೆ ಇದ್ದವರು 7 ಲಕ್ಷ, ‘ಸ್ಥಳಾಂತರ ಆದವರು ಅಥವಾ ಸಿಗದವರು’ 36 ಲಕ್ಷ. ದೊಡ್ಡ ಪಾಲು ಯಾವುದು ನೋಡಿ: ಕೆಲಸ ಹುಡುಕಿ ಊರು ಬಿಟ್ಟವರು. ಜಿಗಣಿ, ಬೊಮ್ಮಸಂದ್ರದ ಶೆಡ್‌ಗಳಲ್ಲಿ ದುಡಿಯುವ ಬಿಹಾರದ ಹುಡುಗರ ಹೆಸರೂ ಅದರಲ್ಲಿ ಇರಬಹುದು. ಅಲ್ಲಿ ಹೋಗಿ, ಇಲ್ಲಿ ಸೇರದೆ, ಎಲ್ಲೂ ಇಲ್ಲದ ಮತದಾರರಾಗುವ ಅಪಾಯ ಇದು. ರಾಯಚೂರು, ಯಾದಗಿರಿಯಿಂದ ಬಂದವರಿಗೂ ಅದೇ ಅಪಾಯ. ಕರ್ನಾಟಕದಲ್ಲಿ ಇಂಥ ಪರಿಷ್ಕರಣೆಗೆ ತಾಳೆ ನೋಡುವುದು 2002ರ ಪಟ್ಟಿಯ ಜೊತೆ. ಆಗ ಇಲ್ಲಿನ ಎಷ್ಟೋ ಜನ ಬೇರೆ ಊರಿನಲ್ಲಿದ್ದರು. ತಮ್ಮದೋ ಅಪ್ಪ–ಅಮ್ಮನದೋ ಹೆಸರು ಆ ಪಟ್ಟಿಯಲ್ಲಿ ಯಾವ ಕ್ಷೇತ್ರ, ಯಾವ ಭಾಗದಲ್ಲಿದೆ ಎಂದು ಒಮ್ಮೆ ಹುಡುಕಿ ಬರೆದಿಟ್ಟುಕೊಂಡರೆ ಓಡಾಟ ತಪ್ಪುತ್ತದೆ.

ಚುನಾವಣೆ ಯಾವಾಗ?

‘2021ರಲ್ಲಿ ಆಯಿತು, ಐದು ವರ್ಷಕ್ಕೆ ಮತ್ತೆ’ ಎಂದು ಕ್ಯಾಲೆಂಡರ್ ನೋಡಿ ಹೇಳುವುದು ಸರಿಯಾಗುವುದಿಲ್ಲ. ಸಂವಿಧಾನದ ಪ್ರಕಾರ ಐದು ವರ್ಷ ಎಣಿಸುವುದು ಮತದಾನದ ದಿನದಿಂದಲ್ಲ, ಹೊಸ ಮಂಡಳಿಯ ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ. 2018ರ ಆಗಸ್ಟ್ 31ರಂದು ರಾಜ್ಯದ 105 ಸಂಸ್ಥೆಗಳಿಗೆ ಚುನಾವಣೆ ಆಯಿತು. ಅಧ್ಯಕ್ಷ–ಉಪಾಧ್ಯಕ್ಷ ಮೀಸಲಾತಿ ಕೋರ್ಟ್ ಮೆಟ್ಟಿಲೇರಿ, ಅನೇಕ ಕಡೆ ಗೆದ್ದವರು 2020ರ ಕೊನೆಯವರೆಗೂ ಅಧಿಕಾರ ಹಿಡಿಯಲಿಲ್ಲ. ಅವಧಿಯೂ ಅಷ್ಟು ಮುಂದಕ್ಕೆ ಹೋಯಿತು. ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿ ಕೂರುವುದೂ ನಮ್ಮಲ್ಲಿ ಹೊಸದಲ್ಲ. ದಿನಾಂಕ ಘೋಷಣೆ ಆದ ಮೇಲೆ ಫಾರಂ ಹಿಡಿದು ಓಡಿದರೆ ತಡವಾಗುವ ಸಂಭವವೇ ಹೆಚ್ಚು. ಫಾರಂ 8 ಅನ್ನು ವರ್ಷಪೂರ್ತಿ ಯಾವಾಗ ಬೇಕಾದರೂ ಹಾಕಬಹುದು.

ಹೆಸರು ಇದೆಯೇ ಎಂದು ಎಪಿಕ್ ನಂಬರ್ ಕೊಟ್ಟು ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ನೋಡಬಹುದು, ಇಲ್ಲವೇ 1950ಕ್ಕೆ ಕರೆ ಮಾಡಬಹುದು. ಹೆಸರು ತೆಗೆಯುವ ಮುನ್ನ ನೋಟಿಸ್ ಕೊಟ್ಟು ಮಾತು ಕೇಳಬೇಕು ಎಂಬುದು ನಿಯಮ. ಆದೇಶ ಒಪ್ಪಿಗೆ ಇಲ್ಲದಿದ್ದರೆ 15 ದಿನದೊಳಗೆ ಜಿಲ್ಲಾ ಮಟ್ಟದ ಅಧಿಕಾರಿಗೆ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿ ಹಾಕಿದ ಮೇಲೆ ಬರುವ ರೆಫರೆನ್ಸ್ ನಂಬರ್ ಅನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಬಿಎಲ್‌ಒ ಬಳಿ ವಿಚಾರಿಸುವಾಗ ಮೊದಲು ಕೇಳುವುದು ಅದನ್ನೇ.