ನಾಯಿಯ ಹೊಟ್ಟೆ ಕೆಟ್ಟಾಗ: ಗಂಜಿ ಯಾವಾಗ ಸಾಕು, ಯಾವಾಗ ಸಾಲದು?

ಕರಾವಳಿಯಲ್ಲಿ ಮನೆಮಂದಿಯ ಹೊಟ್ಟೆ ಕೆಟ್ಟರೆ ಮೊದಲ ಮದ್ದು ಗಂಜಿ. ಉಡುಪಿ, ಕಾಪು, ಕಾರ್ಕಳ ಭಾಗದ ಅನೇಕ ಮನೆಗಳಲ್ಲಿ ಸಾಕುನಾಯಿಗೂ ಅದೇ ಮದ್ದು. ಈ ರೂಢಿಗೆ ವೈಜ್ಞಾನಿಕ ಆಧಾರವೂ ಇದೆ. ಆದರೆ ಯಾವ ಅಕ್ಕಿಯ ಗಂಜಿ, ಜೊತೆಗೆ ಏನು, ಎಷ್ಟು ದಿನ ಎಂಬುದನ್ನು ಅರಿತಿರಬೇಕು. ಗಂಜಿಯನ್ನು ನೆಚ್ಚಿ ಕೂರಬಾರದ ಸಂದರ್ಭಗಳನ್ನಂತೂ ಅರಿತಿರಲೇಬೇಕು. ಲಸಿಕೆ ಹಾಕಿಸದ ಮರಿಯ ವಾಂತಿಭೇದಿಯನ್ನು ಬರಿಯ ಅಜೀರ್ಣವೆಂದು ಭಾವಿಸಿ ಎರಡು ದಿನ ಕಾದರೆ ಮರಿ ಉಳಿಯದೆ ಹೋಗಬಹುದು.

ಕಾರಣ ಹೆಚ್ಚಾಗಿ ತಟ್ಟೆಯಲ್ಲೇ

ವಯಸ್ಕ ನಾಯಿಗಳಲ್ಲಿ ಹಠಾತ್ತನೆ ಕಾಣಿಸಿಕೊಳ್ಳುವ ಭೇದಿಗೆ ಬಹಳಷ್ಟು ಸಲ ಆಹಾರದ ವ್ಯತ್ಯಾಸವೇ ಕಾರಣ. ತೆಂಗಿನಕಾಯಿ ಅರೆದ ಮಸಾಲೆ, ಹುರಿದ ಮೀನಿನ ಎಣ್ಣೆ, ಕೋಳಿಯ ಚರ್ಮ ಇವುಗಳಲ್ಲಿ ಕೊಬ್ಬಿನಂಶ ಅಧಿಕ. ಸಮಾರಂಭದ ಮರುದಿನ ಉಳಿದ ಪದಾರ್ಥವನ್ನು ನಾಯಿಗೆ ಸುರಿಯುವುದರಿಂದ ಮೇದೋಜೀರಕ ಗ್ರಂಥಿಯ ಉರಿಯೂತ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಮಸಾಲೆಯಲ್ಲಿರುವ ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ಬೇಯಿಸಿದರೂ ಅವುಗಳ ವಿಷಗುಣ ಹೋಗುವುದಿಲ್ಲ.

ಬೆಂದ ಕೋಳಿ ಎಲುಬು ಚೂಪಾಗಿ ಸೀಳಿಕೊಂಡು ಕರುಳನ್ನು ಚುಚ್ಚಬಲ್ಲದು. ಬಂಗುಡೆಯ ಮುಳ್ಳು ಗಂಟಲಲ್ಲಿ ಸಿಲುಕಬಹುದು. ಒಣಮೀನಿನಲ್ಲಿ ಉಪ್ಪು ವಿಪರೀತ. ಎಪ್ರಿಲ್-ಮೇ ತಿಂಗಳಲ್ಲಿ ಹಿತ್ತಿಲಲ್ಲಿ ಬಿದ್ದ ಮಾವಿನ ಗೊರಟನ್ನು ನುಂಗಿದ ನಾಯಿಗೆ ಕರುಳು ಕಟ್ಟಿಕೊಂಡು ಶಸ್ತ್ರಚಿಕಿತ್ಸೆಯೇ ಬೇಕಾಗುವುದುಂಟು.

ಮಣಿಪಾಲದಂತಹ ವಿದ್ಯಾರ್ಥಿನಗರಿಯ ಸಮಸ್ಯೆ ಬೇರೆ ಬಗೆಯದು. ಒಂದೇ ನಾಯಿಗೆ ಹತ್ತು ಕೈಗಳಿಂದ ಬಿಸ್ಕತ್ತು, ಕೇಕು, ಹೋಟೆಲಿನ ತಿಂಡಿ ಸಿಗುತ್ತದೆ. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್, ದ್ರಾಕ್ಷಿ ಮತ್ತು ಒಣದ್ರಾಕ್ಷಿ, ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನಲ್ಲಿ ಬಳಸುವ ಕ್ಸೈಲಿಟಾಲ್ ಇವೆಲ್ಲ ನಾಯಿಗೆ ವಿಷ. ಹಾಲು ಕುಡಿದರೆ ಕೆಲವು ವಯಸ್ಕ ನಾಯಿಗಳಿಗೆ ಭೇದಿಯಾಗುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ವಯಸ್ಸಾದಂತೆ ಅವುಗಳಲ್ಲಿ ಕಡಿಮೆಯಾಗುವುದೇ ಇದಕ್ಕೆ ಕಾರಣ.

ಅನ್ನ ನಾಯಿಗೆ ಒಗ್ಗುತ್ತದೆಯೇ?

ನಾಯಿ ಮಾಂಸಾಹಾರಿ, ಅದಕ್ಕೆ ಅನ್ನ ಸಲ್ಲದು ಎಂಬ ಮಾತು ಕೇಳಿಬರುವುದುಂಟು. ಸ್ವೀಡನ್ ನೇತೃತ್ವದ ಸಂಶೋಧಕರ ತಂಡವೊಂದು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ನೀಡಿದೆ. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಕಿಣ್ವದ ವಂಶವಾಹಿಯ ಪ್ರತಿಗಳು ತೋಳದಲ್ಲಿ 2 ಮಾತ್ರ ಇದ್ದರೆ, ನಾಯಿಗಳಲ್ಲಿ 4ರಿಂದ 30ರವರೆಗೆ ಕಂಡುಬಂದವು. ಮನುಷ್ಯನ ಜೊತೆ ಬಾಳುತ್ತ ನಾಯಿ ಧಾನ್ಯದ ಊಟಕ್ಕೆ ಹೊಂದಿಕೊಂಡಿದೆ.

ಆದರೆ ಕರಾವಳಿಯ ನಿತ್ಯದ ಗಂಜಿ ಕೆಂಪು ಕುಚ್ಚಲಕ್ಕಿಯದು. ತವಡು ಉಳಿದಿರುವ ಕಜೆ ಅಕ್ಕಿಯಲ್ಲಿ ನಾರಿನಂಶ ಹೆಚ್ಚು. ಆರೋಗ್ಯವಂತ ನಾಯಿಗೆ ಇದರಿಂದ ತೊಂದರೆಯಿಲ್ಲ. ಭೇದಿಯಿಂದ ಬಳಲುವ ಕರುಳಿಗೆ ಮಾತ್ರ ಬೆಳ್ತಿಗೆ ಅಕ್ಕಿಯ ಮೆತ್ತನೆಯ ಅನ್ನವೇ ಸೂಕ್ತ.

ಪಥ್ಯದ ಕ್ರಮ

ವಯಸ್ಕ ನಾಯಿ ಚಟುವಟಿಕೆಯಿಂದಿದ್ದು, ನೀರು ಕುಡಿಯುತ್ತಿದ್ದು, ಭೇದಿಯಷ್ಟೇ ಇದ್ದರೆ ಮನೆಯ ಪಥ್ಯವನ್ನು ಆರಂಭಿಸಬಹುದು. ದಿನವಿಡೀ ಉಪವಾಸ ಕೆಡವುವ ಹಳೆಯ ಕ್ರಮಕ್ಕೆ ಈಗ ಮನ್ನಣೆ ಕಡಿಮೆ. ಒಂದೆರಡು ಸಲ ವಾಂತಿಯಾಗಿದ್ದರೆ ಕೆಲವು ಗಂಟೆ ಆಹಾರ ನಿಲ್ಲಿಸಿ, ನೀರನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟರೆ ಸಾಕು. ಮರಿಗಳನ್ನು ಎಂದೂ ಉಪವಾಸ ಕೆಡವಬಾರದು. ಅವುಗಳ ರಕ್ತದ ಸಕ್ಕರೆ ಬೇಗ ಕುಸಿಯುತ್ತದೆ.

ಎರಡು ಪಾಲು ಅನ್ನ, ಒಂದು ಪಾಲು ಚರ್ಮ-ಎಲುಬು ತೆಗೆದು ಬೇಯಿಸಿದ ಕೋಳಿಮಾಂಸ ಎಂಬುದು ರೂಢಿಯ ಪ್ರಮಾಣ. ಉಪ್ಪು, ಎಣ್ಣೆ, ಒಗ್ಗರಣೆ ಕೂಡದು. ವಿಶ್ರಾಂತಿಯಲ್ಲಿರುವ 10 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 400 ಕಿಲೋ ಕ್ಯಾಲೊರಿ ಬೇಕು. ಸರಿಸುಮಾರು 190 ಗ್ರಾಂ ಅನ್ನ ಮತ್ತು 95 ಗ್ರಾಂ ಬೆಂದ ಕೋಳಿಮಾಂಸದಿಂದ ಇಷ್ಟು ಶಕ್ತಿ ದೊರೆಯುತ್ತದೆ. ಇದನ್ನು ನಾಲ್ಕು ಹೊತ್ತಿಗೆ ಹಂಚಿ ಕೊಡಬೇಕು.

ಸಸ್ಯಾಹಾರಿ ಮನೆಗಳಲ್ಲಿ ಕೊಬ್ಬು ತೆಗೆದ ಹಾಲಿನ ಪನೀರನ್ನು ಅಥವಾ ಸ್ವಲ್ಪ ತಾಜಾ ಮೊಸರನ್ನು ಅನ್ನಕ್ಕೆ ಬೆರೆಸಬಹುದು. ಮೊಟ್ಟೆಗೆ ಆಕ್ಷೇಪವಿಲ್ಲದವರಿಗೆ ಬೇಯಿಸಿದ ಮೊಟ್ಟೆ ಇನ್ನೂ ಉತ್ತಮ. ಬೇಯಿಸಿ ಹಿಸುಕಿದ ಸಿಹಿಗುಂಬಳ ಒಂದೆರಡು ಚಮಚ ಸೇರಿದರೆ ಅದರ ಕರಗುವ ನಾರು ಮಲವನ್ನು ಗಟ್ಟಿಗೊಳಿಸಲು ನೆರವಾಗುತ್ತದೆ.

ಮಲ ಸರಿಯಾದ ಮೇಲೆ ಇನ್ನೂ ಒಂದೆರಡು ದಿನ ಪಥ್ಯ ಮುಂದುವರಿಸಿ, ಬಳಿಕ ನಾಲ್ಕೈದು ದಿನಗಳಲ್ಲಿ ಹಂತಹಂತವಾಗಿ ಹಳೆಯ ಆಹಾರಕ್ಕೆ ಮರಳಬೇಕು. ಅನ್ನ-ಕೋಳಿಯನ್ನೇ ತಿಂಗಳುಗಟ್ಟಲೆ ಕೊಡುವುದು ತಪ್ಪು. ಅದರಲ್ಲಿ ಸುಣ್ಣದಂಶ ಸಾಲದೆ ಬೆಳೆಯುವ ಮರಿಗಳ ಎಲುಬು ದುರ್ಬಲವಾಗುತ್ತದೆ.

ಮನುಷ್ಯರ ಮಾತ್ರೆ ಬೇಡ

ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಮಾತ್ರೆಗಳನ್ನು ನಾಯಿಗೆ ಕೊಡಕೂಡದು. ಭೇದಿ ಎಂದೊಡನೆ ಆಂಟಿಬಯೋಟಿಕ್ ನುಂಗಿಸುವ ಅಭ್ಯಾಸವೂ ಸರಿಯಲ್ಲ. ನಾಯಿಗಳ ಹಠಾತ್ ಭೇದಿ ಕುರಿತು ಯುರೋಪಿನ ತಜ್ಞರು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಭೇದಿಗೆ ಆಂಟಿಬಯೋಟಿಕ್ ಬೇಡವೆಂದೇ ಹೇಳುತ್ತದೆ. ಅದು ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ.

ಪಥ್ಯಕ್ಕೆ ಬಗ್ಗದ ರೋಗಗಳು

ಎಲ್ಲಕ್ಕಿಂತ ಭಯಂಕರವಾದುದು ಪಾರ್ವೊ. 1970ರ ದಶಕದ ಕೊನೆಯಲ್ಲಿ ಜಗತ್ತಿನಾದ್ಯಂತ ಹಬ್ಬಿದ ಈ ವೈರಾಣು 1980ರ ದಶಕದ ಆರಂಭದಲ್ಲೇ ಭಾರತದಲ್ಲಿ ವರದಿಯಾಗಿತ್ತು. ಇದು ಕರುಳಿನ ಒಳಪದರವನ್ನೂ ಬಿಳಿ ರಕ್ತಕಣಗಳನ್ನೂ ಏಕಕಾಲಕ್ಕೆ ಹಾಳುಮಾಡುತ್ತದೆ. ಮರಿ ಮೊದಲು ಆಹಾರ ಬಿಡುತ್ತದೆ. ನಂತರ ನಿಲ್ಲದ ವಾಂತಿ, ದುರ್ವಾಸನೆಯ ರಕ್ತಭೇದಿ. ಚಿಕಿತ್ಸೆಯಿಲ್ಲದಿದ್ದರೆ ಬಹುಪಾಲು ಮರಿಗಳು ಸಾಯುತ್ತವೆ. ಸಕಾಲದಲ್ಲಿ ಡ್ರಿಪ್ ಮತ್ತು ಆರೈಕೆ ದೊರೆತರೆ ಬಹಳಷ್ಟು ಮರಿಗಳು ಬದುಕುತ್ತವೆ. ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸಾಮಾನ್ಯ ಫಿನೈಲ್ ಸಾಲದು, ಬ್ಲೀಚಿಂಗ್ ದ್ರಾವಣದಿಂದ ತೊಳೆಯಬೇಕು. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಲಸಿಕೆ ಆರಂಭಿಸಿ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ನೀಡುತ್ತ 16 ವಾರ ತುಂಬುವವರೆಗೆ ಮುಂದುವರಿಸುವುದೇ ರಕ್ಷಣೆ.

ಎರಡನೆಯದು ಕೊಕ್ಕೆಹುಳು. ಕಾಪುವಿನಂತಹ ಕಡಲತಡಿಯ ಬೆಚ್ಚಗಿನ, ತೇವದ ಮರಳುನೆಲ ಇದರ ಮರಿಹುಳುಗಳಿಗೆ ಅನುಕೂಲ. ತಾಯಿಯ ಹಾಲಿನ ಮೂಲಕವೂ ಮರಿಗಳಿಗೆ ದಾಟುತ್ತದೆ. ಕಪ್ಪು ಮಲ, ಬಿಳಿಚಿದ ಒಸಡು ಇದರ ಗುರುತು. ಮರಿಗಳಿಗೆ ಎರಡು ವಾರದ ವಯಸ್ಸಿನಿಂದ ಎರಡು ವಾರಕ್ಕೊಮ್ಮೆ ಎಂಟು ವಾರದವರೆಗೆ, ಬಳಿಕ ಆರು ತಿಂಗಳವರೆಗೆ ಪ್ರತಿ ತಿಂಗಳು ಜಂತುಹುಳದ ಔಷಧಿ ನೀಡಬೇಕು.

ಮೂರನೆಯದು ಇಲಿಜ್ವರ. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಗದ್ದೆ, ತೋಟ, ಚರಂಡಿಯ ನಿಂತ ನೀರಿನಿಂದ ನಾಯಿಗೂ ಮನುಷ್ಯನಿಗೂ ಇದು ಹರಡುತ್ತದೆ. ಕಾರ್ಕಳದ ಗದ್ದೆ-ತೋಟಗಳಲ್ಲಿ ಅಲೆಯುವ ನಾಯಿಗೆ ವಾಂತಿ, ಜ್ವರದ ಜೊತೆ ಕಣ್ಣು, ಒಸಡು ಹಳದಿಯಾದರೆ ಅದನ್ನು ಬರಿಗೈಯಲ್ಲಿ ಶುಚಿಗೊಳಿಸಬಾರದು. ಇದಕ್ಕೆ ಪ್ರತಿವರ್ಷ ಲಸಿಕೆ ಹಾಕಿಸಬೇಕು.

ವೈದ್ಯರಲ್ಲಿಗೆ ಯಾವಾಗ?

ಆರು ತಿಂಗಳೊಳಗಿನ ಮರಿಯ ವಾಂತಿಭೇದಿ, ರಕ್ತ ಬೆರೆತ ಅಥವಾ ಡಾಮರಿನಂತೆ ಕಪ್ಪಾದ ಮಲ, ಪದೇಪದೇ ವಾಂತಿ, ಹೊಟ್ಟೆಯುಬ್ಬರ, ನಿತ್ರಾಣ, ವಿಷಪ್ರಾಶನದ ಶಂಕೆ ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಹೆಗಲ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ಕೂಡಲೇ ಕೆಳಗಿಳಿಯದಿದ್ದರೆ, ಒಸಡು ಒಣಗಿ ಅಂಟಂಟಾಗಿದ್ದರೆ ದೇಹದ ನೀರು ಬತ್ತಿದೆಯೆಂದು ತಿಳಿಯಬೇಕು. ಉಳಿದಂತೆ, ಪಥ್ಯದಿಂದ ಎರಡು ದಿನದಲ್ಲಿ ಗುಣ ಕಾಣದಿದ್ದರೂ ಕಾಯಬಾರದು.

ಮೂರು ವಾರ ಮೀರಿದ ಭೇದಿಗೆ ಪರೀಕ್ಷೆ ಅಗತ್ಯ. ಜಂತುಹುಳು ಇಲ್ಲವೆಂದು ಖಚಿತವಾದ ಮೇಲೆ, ನಾಯಿ ಹಿಂದೆಂದೂ ತಿನ್ನದ ಒಂದೇ ಬಗೆಯ ಮಾಂಸವಿರುವ ಆಹಾರವನ್ನು ವೈದ್ಯರು ಕೆಲವು ವಾರ ಸೂಚಿಸುತ್ತಾರೆ. ಇಂಥ ದೀರ್ಘಕಾಲದ ಪ್ರಕರಣಗಳಲ್ಲಿ ಹೆಚ್ಚಿನವು ಆಹಾರ ಬದಲಾವಣೆಗೇ ಸ್ಪಂದಿಸುತ್ತವೆ. ಚೆನ್ನಾಗಿ ತಿಂದರೂ ಕೃಶವಾಗುತ್ತಲೇ ಹೋಗುವ ಆಲ್ಸೇಶಿಯನ್ ನಾಯಿಗೆ ಮೇದೋಜೀರಕದ ಕಿಣ್ವಗಳ ಕೊರತೆ ಇರಬಹುದು. ಅದಕ್ಕೆ ಆಜೀವ ಕಿಣ್ವದ ಪುಡಿಯನ್ನು ಆಹಾರದೊಡನೆ ಕೊಡಬೇಕಾಗುತ್ತದೆ.

ಉಡುಪಿ, ಕಾಪು, ಕಾರ್ಕಳಗಳಲ್ಲಿ ಪಶುಸಂಗೋಪನಾ ಇಲಾಖೆಯ ಆಸ್ಪತ್ರೆಗಳಿವೆ. ಉಡುಪಿ-ಮಣಿಪಾಲದಲ್ಲಿ ಖಾಸಗಿ ಚಿಕಿತ್ಸಾಲಯಗಳೂ ಇವೆ. ಹೋಗುವಾಗ ಲಸಿಕೆಯ ಚೀಟಿ, ಸ್ವಲ್ಪ ಮಲದ ಮಾದರಿ, ಕಳೆದೆರಡು ದಿನ ನಾಯಿ ಏನೇನು ತಿಂದಿತ್ತೆಂಬ ವಿವರ ಜೊತೆಗಿದ್ದರೆ ರೋಗ ಪತ್ತೆ ಸುಲಭವಾಗುತ್ತದೆ.