ವೃತ್ತದ ಬಾಯಲ್ಲಿ ಯಾರು ಕಾಯಬೇಕು?

ನಮ್ಮ ಊರುಗಳಲ್ಲಿ ನಾಲ್ಕು ರಸ್ತೆ ಕೂಡಿದರೆ ಅದು ಸರ್ಕಲ್ಲೇ. ನಡುವಿನ ವೃತ್ತ ಕಿತ್ತು ಸಿಗ್ನಲ್ ನೆಟ್ಟ ಮೇಲೂ ಕಂಡಕ್ಟರ್ ಕೂಗುವುದು ಸರ್ಕಲ್ ಎಂದೇ. ಗಾಡಿ ಹೆಚ್ಚಾದವು, ವೃತ್ತ ತಾಳಲಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ. ಚರಿತ್ರೆ ನೋಡಿದರೆ ಇದು ಅರ್ಧ ಸತ್ಯ. ಸೇರುವ ಜಾಗದಲ್ಲಿ ಯಾರು ಯಾರಿಗೆ ದಾರಿ ಬಿಡಬೇಕೆಂದು ತೀರ್ಮಾನಿಸದೇ ಬಿಟ್ಟದ್ದು ವೃತ್ತವನ್ನು ಹೆಚ್ಚು ಕೆಡಿಸಿತು.

ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್‌ನಲ್ಲಿ 1905ರಲ್ಲಿ ವಿಲಿಯಂ ಫೆಲ್ಪ್ಸ್ ಈನೋ ಗಾಡಿಗಳೆಲ್ಲ ಒಂದೇ ದಿಕ್ಕಿಗೆ ಸುತ್ತುವಂತೆ ಮಾಡಿದ. 1907ರಲ್ಲಿ ಪ್ಯಾರಿಸ್ಸಿನ ಎತ್ವಾಲ್ ಚೌಕಕ್ಕೂ ಆ ಪದ್ಧತಿ ಬಂತು. ದಿಕ್ಕೇನೋ ನಿಶ್ಚಯವಾಯಿತು, ಸರದಿ ಆಗಲಿಲ್ಲ. ಫ್ರಾನ್ಸಿನ ವೃತ್ತಗಳಲ್ಲಿ ಬಹುಕಾಲ ಬಲಗಡೆಯಿಂದ ಬರುವವನಿಗೆ ಮೊದಲ ದಾರಿ ಇತ್ತು. ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುವ ಆ ದೇಶದಲ್ಲಿ ವೃತ್ತಕ್ಕೆ ಹೊಸದಾಗಿ ನುಗ್ಗುವವನೇ ಬಲಗಡೆಯವನು. ಬ್ರಿಟನ್ನಿನಲ್ಲಿ ಖಚಿತ ನಿಯಮವೇ ಇರಲಿಲ್ಲ. ಇದರ ಫಲ ಊಹಿಸಿಕೊಳ್ಳಿ: ಸುತ್ತುತ್ತಿರುವ ಕಾರು ಒಳಬರುವವನಿಗಾಗಿ ನಿಲ್ಲುತ್ತದೆ. ಅದರ ಹಿಂದಿನ ಲಾರಿ ಮುಂದಿನ ತಿರುವಿನಲ್ಲೇ ಹೊರಬೀಳಬೇಕಿತ್ತು, ಅದೂ ನಿಲ್ಲುತ್ತದೆ. ಲಾರಿಯ ಹಿಂಭಾಗ ಇನ್ನೊಂದು ರಸ್ತೆಯ ಬಾಯಿಗೆ ಅಡ್ಡ. ನಾಲ್ಕೂ ಕಡೆ ಹೀಗಾದರೆ, ಹೊರಹೋಗಬೇಕಾದವರೇ ಒಬ್ಬರ ಹೊರದಾರಿಯನ್ನೊಬ್ಬರು ಕಟ್ಟಿಕೊಂಡು ಕೂರುತ್ತಾರೆ. ಎಂಜಿನಿಯರುಗಳಿಗೆ ತೋಚಿದ ಮದ್ದು, ವೃತ್ತವನ್ನು ಇನ್ನಷ್ಟು ದೊಡ್ಡದು ಮಾಡುವುದು. ರೋಗ ಜಾಗದ್ದಾಗಿರಲಿಲ್ಲ. 1950ರ ದಶಕದ ಹೊತ್ತಿಗೆ ಅಮೆರಿಕಕ್ಕೆ ವೃತ್ತಗಳೇ ಬೇಡವಾದವು.

1966ರ ನವೆಂಬರಿನಲ್ಲಿ ಬ್ರಿಟನ್ ಸರದಿಯನ್ನು ನಿಯಮ ಮಾಡಿತು: ಒಳಬರುವವನು ಬಲಗಡೆಯವನಿಗೆ, ಅಂದರೆ ಆಗಲೇ ಸುತ್ತುತ್ತಿರುವವನಿಗೆ, ದಾರಿ ಬಿಡಬೇಕು. ಕಾಯುವ ಜಾಗ ವೃತ್ತದೊಳಗಿನಿಂದ ಹೊರಕ್ಕೆ ಸರಿಯಿತು, ಬೀಗ ಬೀಳುವುದು ತಪ್ಪಿತು. ದೊಡ್ಡ ವೃತ್ತದ ಅಗತ್ಯವೂ ಹೋಯಿತು. ಸಂಶೋಧಕ ಫ್ರಾಂಕ್ ಬ್ಲಾಕ್‌ಮೋರ್ ಪುಟ್ಟ ವೃತ್ತಗಳನ್ನು ಪ್ರಯೋಗಿಸಿದ; 1972ರಲ್ಲಿ ಸ್ವಿಂಡನ್ನಿನ ಒಂದೇ ಕೂಡುರಸ್ತೆಯಲ್ಲಿ ಅಂಥ ಐದು ಹುಟ್ಟಿದವು.

ಇದೆಲ್ಲ ಸೌಜನ್ಯದ ಮಾತು, ನಿಯಮವೇಕೆ ಎನ್ನಬಹುದು. ಆದರೆ ಸುತ್ತುತ್ತಿದ್ದವನು ಸೌಜನ್ಯಕ್ಕಾಗಿ ನಿಂತಾಗಲೂ ವೃತ್ತ ಕಟ್ಟಿಕೊಳ್ಳುತ್ತಿತ್ತು. ಲೇನ್ ಮುಗಿಯುವ ಕಡೆಯೂ ಅಷ್ಟೆ: ಬೇಗನೆ ಪಕ್ಕಕ್ಕೆ ಸರಿಯುವುದು ಸಭ್ಯತೆ ಎನಿಸಿದರೂ ಒಂದು ಲೇನ್ ಖಾಲಿ ಬಿದ್ದಿರುತ್ತದೆ. ಜರ್ಮನಿಯ ನಿಯಮ ಕೊನೆಯವರೆಗೂ ಹೋಗಿ ಝಿಪ್ಪಿನ ಹಲ್ಲುಗಳಂತೆ ಒಂದೊಂದಾಗಿ ಸೇರಿಕೊಳ್ಳಲು ಹೇಳುತ್ತದೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಒಂದೇ ರಸ್ತೆಯಿಂದ ಗಾಡಿ ಬಿಡುವಿಲ್ಲದೆ ಬರುತ್ತಿದ್ದರೆ ಪಕ್ಕದವನಿಗೆ ಸರದಿಯೇ ಬರದು. ನಿಜ, ಅಂಥ ಕಡೆ ದಟ್ಟಣೆಯ ಹೊತ್ತಿಗೆ ಸಿಗ್ನಲ್ ಬೇಕೇ ಬೇಕು. ನಮ್ಮಲ್ಲಿ ಸ್ಕೂಟರು, ಆಟೋ, ಬಸ್ಸುಗಳಿಗೆ ಲೇನೇ ಇಲ್ಲವಲ್ಲ ಎಂದರೆ, ಈ ನಿಯಮ ಲೇನ್ ಕೇಳುವುದಿಲ್ಲ. ಬಲಕ್ಕೆ ಒಮ್ಮೆ ನೋಡು ಎನ್ನುತ್ತದೆ, ಅಷ್ಟೆ.

ಅದು ನಮಗೆ ಹೊಸದೂ ಅಲ್ಲ. ಪೊಲೀಸರಾಗಲಿ ಸಿಗ್ನಲ್ಲಾಗಲಿ ಇಲ್ಲದ ಕೂಡುರಸ್ತೆಯಲ್ಲಿ, ಮುಖ್ಯರಸ್ತೆಯ ಪ್ರಶ್ನೆ ಇಲ್ಲದಾಗ, ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂದು ಭಾರತದ ರಸ್ತೆ ನಿಯಮಗಳು 1989ರಲ್ಲೇ ಹೇಳಿದ್ದವು.